ನನ್ನ ಹೆಸರಿನಲ್ಲಿ ಹೋದ, ನಾನು ಬರೆಯದ ಪತ್ರ

ಅಪರಿಚಿತರಿಂದ ಬಂದ ಅಟ್ಯಾಚ್‌ಮೆಂಟನ್ನು ತೆರೆಯಬೇಡಿ ಎಂಬ ಬುದ್ಧಿಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದರೆ ಅಂಗಡಿಯ ಬಾಗಿಲು ಮುಚ್ಚಬೇಕಾಗುತ್ತದೆ. ಚಾಮರಾಜಪೇಟೆಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಸಂಘದ ವಾರ್ಷಿಕ ವರದಿ, ಕವನ ಸಂಕಲನ ಎಂದು ದಿನವೂ ಬರುವ ಫೈಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾನು ಮುಖವನ್ನೇ ನೋಡದವರು ಕಳುಹಿಸಿದವು. ಇಷ್ಟು ವರ್ಷಗಳಲ್ಲಿ ಅವುಗಳಿಂದ ನನಗೆ ತೊಂದರೆಯಾಗಿಲ್ಲ. ಒಮ್ಮೆ ಆದ ತೊಂದರೆ ಪರಿಚಯದ ಹೆಸರಿನಿಂದಲೇ ಆಯಿತು, ಮತ್ತು ಆ ಹೆಸರು ನನ್ನದಾಗಿತ್ತು.

2022ರ ಯುಗಾದಿಗೆ ಇನ್ನೆರಡು ವಾರವಿರುವಾಗ ಹನುಮಂತನಗರದ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಅವರ ಪ್ರಬಂಧಗಳ ಪುಸ್ತಕದ ಪುಟವಿನ್ಯಾಸ ನನ್ನಲ್ಲಿ ನಡೆಯುತ್ತಿತ್ತು. "ಏನಮ್ಮಾ, ನಿನ್ನೆ ನೀನು ಕಳಿಸಿದ ಕರಡು ತೆರೆದಾಗಿನಿಂದ ಕಂಪ್ಯೂಟರು ಸರಿಯಿಲ್ಲ. ನನ್ನ ಹೆಸರಿನಲ್ಲಿ ಯಾರ್ಯಾರಿಗೋ ಪತ್ರ ಹೋಗಿದೆಯಂತೆ, ಬೆಳಗಿನಿಂದ ಒಬ್ಬರಾದ ಮೇಲೊಬ್ಬರು ಕೇಳುತ್ತಿದ್ದಾರೆ" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು. ಹಿಂದಿನ ದಿನ ನಾನು ಅವರಿಗೆ ಯಾವ ಕರಡನ್ನೂ ಕಳುಹಿಸಿರಲಿಲ್ಲ.

ಅಂದು ಸಂಜೆಯೇ ಅವರ ಮನೆಗೆ ಹೋಗಿ ಆ ಪತ್ರವನ್ನು ನೋಡಿದೆ. ಕಳುಹಿಸಿದವರ ಜಾಗದಲ್ಲಿ ನನ್ನ ಹೆಸರು ನಾನು ಬರೆಯುವ ಹಾಗೆಯೇ ಇತ್ತು. ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು, ಒಂದು ಜಿಪ್ ಫೈಲು, ಅದನ್ನು ಬಿಚ್ಚಲು ಬೇಕಾದ ಪಾಸ್‌ವರ್ಡ್. ಅದಕ್ಕೂ ಕೆಳಗೆ, ವಾರದ ಹಿಂದೆ ನಾನೇ ಬರೆದಿದ್ದ ಪತ್ರ ಒಂದಕ್ಷರವೂ ಬದಲಾಗದೆ ಕುಳಿತಿತ್ತು: "48ನೇ ಪುಟದ ಅಡಿಟಿಪ್ಪಣಿ ಮುಂದಿನ ಪುಟಕ್ಕೆ ಹೋಗಿದೆ, ಹಾಗೆಯೇ ಬಿಡಲೇ ಸರ್?" ಅದನ್ನು ಓದಿದಾಗ, ನಾನೇ ಕಳುಹಿಸಿ ಮರೆತೆನೇನೋ ಎಂದು ನನಗೂ ಒಂದು ಕ್ಷಣ ಅನುಮಾನ ಬಂತು. ಹೀಗಿರುವಾಗ ಮೇಷ್ಟ್ರು ಅದನ್ನು ನಂಬಿದ್ದರಲ್ಲಿ ತಪ್ಪು ಹುಡುಕಲು ಸಾಧ್ಯವೇ ಇಲ್ಲ.

ಹೆಸರಿನ ಮೇಲೆ ಒತ್ತಿದಾಗ ಅದರ ಹಿಂದಿದ್ದ ವಿಳಾಸ ಹೊರಬಂತು. ಅದು ಯಾವುದೋ ಹೊರದೇಶದ ಸಂಸ್ಥೆಯದು, ನಾವಿಬ್ಬರೂ ಎಂದೂ ಕೇಳಿರದದ್ದು. ಫೋನಿನಲ್ಲಿ ಪತ್ರ ಓದುವವರಿಗೆ ಸಾಮಾನ್ಯವಾಗಿ ಒತ್ತಿ ನೋಡದ ಹೊರತು ಈ ವಿಳಾಸ ಕಾಣುವುದಿಲ್ಲ, ಬರೀ ಹೆಸರು ಕಾಣುತ್ತದೆ. ಆಮೇಲೆ ಜಿಮೇಲ್‌ನಲ್ಲಿ ಪತ್ರದ ಬಲಮೂಲೆಯ ಮೂರು ಚುಕ್ಕಿಗಳನ್ನು ಒತ್ತಿ 'ಶೋ ಒರಿಜಿನಲ್' ಎಂಬುದನ್ನು ತೆರೆದೆವು. ಪತ್ರ ಹಾದುಬಂದ ಒಂದೊಂದು ಸರ್ವರೂ ಅಂಚೆ ಕಚೇರಿಯ ಮುದ್ರೆಯ ಹಾಗೆ ತನ್ನದೊಂದು 'ರಿಸೀವ್ಡ್' ಸಾಲನ್ನು ಮೇಲಕ್ಕೆ ಸೇರಿಸುತ್ತಾ ಹೋಗುವುದರಿಂದ ಇವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲುಗಳನ್ನು ಕಳ್ಳರೇ ಬರೆದು ಸೇರಿಸಿರಬಹುದು, ಆದರೆ ನಮ್ಮ ಮೇಲ್ ಸೇವೆಯೇ ಪತ್ರವನ್ನು ಬರಮಾಡಿಕೊಳ್ಳುವಾಗ ಬರೆದ ಸಾಲನ್ನು ನಂಬಬಹುದು. ಪತ್ರ ಬಂದದ್ದು ನನ್ನ ಖಾತೆಯಿಂದಲ್ಲ ಎಂದು ಅಲ್ಲಿ ಖಚಿತವಾಯಿತು.

ಹಾಗಾದರೆ ನನ್ನ ಹಳೆಯ ಪತ್ರ ಕಳ್ಳರ ಕೈಗೆ ಸಿಕ್ಕಿದ್ದು ಹೇಗೆ? ಅದನ್ನು ನಾನು ಮೇಷ್ಟ್ರಿಗೆ ಕಳುಹಿಸುವಾಗ ಪುಸ್ತಕ ಪ್ರಕಟಿಸುವವರ ಕಚೇರಿಗೂ ಒಂದು ಪ್ರತಿ ಹಾಕಿದ್ದೆ. ಅಂದರೆ ಅದು ಇದ್ದದ್ದು ಮೂರೇ ಕಡೆ. ಮೇಷ್ಟ್ರ ಕಂಪ್ಯೂಟರಿಗೆ ವೈರಸ್ ಬಂದದ್ದು ಆ ಕಳ್ಳಪತ್ರ ತೆರೆದ ಮೇಲೆ. ನನ್ನ ಖಾತೆಗೆ ಬೇರೆ ಯಾರೂ ಲಾಗಿನ್ ಆಗಿರಲಿಲ್ಲ, ಕಂಪ್ಯೂಟರನ್ನು ಸ್ಕ್ಯಾನ್ ಮಾಡಿಸಿದಾಗಲೂ ಏನೂ ಸಿಗಲಿಲ್ಲ. ಉಳಿದದ್ದು ಪ್ರಕಾಶಕರ ಕಚೇರಿ. ಅಲ್ಲಿಯವರು ವಿಚಾರಿಸಿ ನೋಡಿದಾಗ, ಯಾವುದೋ ಬಿಲ್ಲೆಂದುಕೊಂಡು ಒಂದು ಫೈಲನ್ನು ಕೆಲವು ದಿನಗಳ ಹಿಂದೆ ತೆರೆದಿದ್ದು ತಿಳಿಯಿತು. ವೈರಸ್ ಇದ್ದದ್ದು ಒಬ್ಬರಲ್ಲಿ, ಅಪವಾದ ಬಂದದ್ದು ಇನ್ನೊಬ್ಬರಿಗೆ, ನಷ್ಟವಾದದ್ದು ಮತ್ತೊಬ್ಬರಿಗೆ.

ಈ ತಂತ್ರ ಹೊಸದೇನಲ್ಲ. 1999ರ ಮೆಲಿಸ್ಸಾ, 2000ದ ಐಲವ್‌ಯೂ ವೈರಸ್‌ಗಳು ಸೋಂಕು ತಗುಲಿದವರ ಹೆಸರಿನಿಂದಲೇ ಹೊರಡುತ್ತಿದ್ದವು. ಆದ್ದರಿಂದ ಪತ್ರ ಪಡೆದವರು ಅವರಿಗೆ ತಿರುಗಿ ಹೇಳಿದರೆ ಮಾತು ಸರಿಯಾದ ಜಾಗವನ್ನೇ ಮುಟ್ಟುತ್ತಿತ್ತು. 2001ರ ಕೊನೆಯಲ್ಲಿ ಕಾಣಿಸಿಕೊಂಡ ಕ್ಲೆಜ್ ಈ ದಾರಿಯನ್ನು ಕಡಿದುಹಾಕಿತು. ಅದರ ತಳಿಗಳು ಕಂಪ್ಯೂಟರಿನಲ್ಲಿ ಸಿಕ್ಕ ವಿಳಾಸಗಳಲ್ಲಿ ಒಂದನ್ನು ಕಳುಹಿಸಿದವರ ಜಾಗದಲ್ಲಿಟ್ಟು ಇನ್ನೊಂದಕ್ಕೆ ಪತ್ರ ಹಾಕುತ್ತಿದ್ದವು. 2003ರ ಸೋಬಿಗ್, 2004ರ ಮೈಡೂಮ್ ಕೂಡ ಹೀಗೆಯೇ ಹಬ್ಬಿದವು. ಆಗಿನ ಅನೇಕ ಮೇಲ್ ಸರ್ವರುಗಳು ವೈರಸ್ಸನ್ನು ಹಿಡಿದ ಮೇಲೆ, 'ನೀವು ವೈರಸ್ ಕಳುಹಿಸಿದ್ದೀರಿ' ಎಂಬ ಎಚ್ಚರಿಕೆಯನ್ನು ಪತ್ರದ ಮೇಲಿದ್ದ ಸುಳ್ಳು ವಿಳಾಸಕ್ಕೇ ಕಳುಹಿಸುತ್ತಿದ್ದವು. ಏನೂ ಮಾಡದವರನ್ನು ಯಂತ್ರಗಳೂ ಸೇರಿ ಗದರಿದ ಹಾಗಾಗುತ್ತಿತ್ತು. ಹಳೆಯ ಪತ್ರಗಳನ್ನೇ ಕದ್ದು ಅವುಗಳಿಗೆ ಉತ್ತರದಂತೆ ವೈರಸ್ ಕಳುಹಿಸುವುದು ಇದರ ಮುಂದಿನ ಹೆಜ್ಜೆ. ಎಮೊಟೆಟ್ ಎಂಬ ವೈರಸ್ ಜಾಲ ಇದರಲ್ಲಿ ಪಳಗಿತ್ತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಒಟ್ಟಾಗಿ ಅದನ್ನು ಉರುಳಿಸಿದರೂ ಅದೇ ವರ್ಷದ ನವೆಂಬರಿನಲ್ಲಿ ಅದು ಮತ್ತೆ ತಲೆಯೆತ್ತಿತು.

ಇದೆಲ್ಲ ಸಾಧ್ಯವಾಗುವುದು ಇ-ಮೇಲ್‌ನ ಅಡಿಪಾಯದ ರಚನೆಯಿಂದಲೇ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜೊನಾಥನ್ ಪೋಸ್ಟೆಲ್ ಅವರು 1982ರಲ್ಲಿ ಎಸ್‌ಎಂಟಿಪಿ ಎಂಬ ಮೇಲ್ ಸಾಗಣೆಯ ನಿಯಮಗಳನ್ನು ಬರೆದಾಗ ಅಂತರ್ಜಾಲವನ್ನು ಬಳಸುತ್ತಿದ್ದವರು ಬಹುಮಟ್ಟಿಗೆ ಸಂಶೋಧಕರು, ಪರಸ್ಪರ ನಂಬಿಕೆಯುಳ್ಳವರು. ಕಳುಹಿಸಿದವರು ನಿಜವಾಗಿ ಅವರೇ ಹೌದೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಲಕೋಟೆಯ ಮೇಲೊಂದು ಹೆಸರು, ಒಳಗಿನ ಕಾಗದದಲ್ಲಿ ಇನ್ನೊಂದು ಹೆಸರು ಬರೆದರೆ ಅಂಚೆಯಣ್ಣ ಹೇಗೆ ತಡೆಯುವುದಿಲ್ಲವೋ ಹಾಗೆಯೇ ಇಲ್ಲೂ ಆಗುತ್ತದೆ, ಮತ್ತು ನಮ್ಮ ಪರದೆಯ ಮೇಲೆ ಕಾಣುವುದು ಒಳಗಿನ ಹೆಸರು. ಈ ಕೊರತೆಯನ್ನು ತುಂಬಲು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ವ್ಯವಸ್ಥೆಗಳು ಬಂದಿವೆ. ಪತ್ರ ಆ ಡೊಮೈನಿನಿಂದಲೇ, ಅಂದರೆ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರಿನ ಜಾಗದಿಂದಲೇ, ಬಂದಿತೇ ಎಂದು ಇವು ಪರೀಕ್ಷಿಸುತ್ತವೆ. ಭಾರಿ ಸಂಖ್ಯೆಯಲ್ಲಿ ಪತ್ರಗಳನ್ನು ತಮ್ಮ ಬಳಕೆದಾರರಿಗೆ ಕಳುಹಿಸುವವರಿಗೆ ಗೂಗಲ್ ಮತ್ತು ಯಾಹೂ 2024ರ ಫೆಬ್ರುವರಿಯಿಂದ ಇವುಗಳನ್ನು ಕಡ್ಡಾಯ ಮಾಡಿವೆ. ಸ್ವಂತ ಡೊಮೈನ್ ಇಟ್ಟುಕೊಂಡಿರುವ ಅಂಗಡಿಯವರೂ ಇವನ್ನು ಹಾಕಿಸಿಕೊಳ್ಳಲೇಬೇಕೆಂದು ನಾನು ಹೇಳುತ್ತೇನೆ. ಆದರೆ ಇವು ಕಾಯುವುದು ಡೊಮೈನನ್ನು, ಮನುಷ್ಯರ ಹೆಸರನ್ನಲ್ಲ. ಮೇಷ್ಟ್ರಿಗೆ ಬಂದ ಪತ್ರದಲ್ಲಿ ಎಸ್‌ಪಿಎಫ್ ಎದುರಿಗೆ 'ಪಾಸ್' ಎಂದೇ ಇತ್ತು, ಏಕೆಂದರೆ ಆ ಹೊರದೇಶದ ವಿಳಾಸದ ಮಟ್ಟಿಗೆ ಪತ್ರ ನಿಜವಾಗಿಯೂ ಅಲ್ಲಿಂದಲೇ ಹೊರಟಿತ್ತು.

ಆದ್ದರಿಂದ ನಾನು ಈಗ ಯಾರು ಕಳುಹಿಸಿದರು ಎಂಬುದಕ್ಕಿಂತ ಏನು ಕಳುಹಿಸಿದರು ಎಂಬುದನ್ನು ಮೊದಲು ನೋಡುತ್ತೇನೆ. ವಿಂಡೋಸ್ ತಾನಾಗಿಯೇ ಫೈಲಿನ ಹೆಸರಿನ ಬಾಲವನ್ನು ಅಡಗಿಸುತ್ತದೆ. ಐಲವ್‌ಯೂ ವೈರಸ್ ಪ್ರೇಮಪತ್ರದಂತೆ ಕಂಡದ್ದು ಇದರಿಂದಲೇ: ಹೆಸರಿನ ನಡುವೆ 'ಟಿಎಕ್ಸ್‌ಟಿ' ಇದ್ದು, ಕೊನೆಯಲ್ಲಿದ್ದ 'ವಿಬಿಎಸ್' ಕಣ್ಣಿಗೆ ಬೀಳುತ್ತಿರಲಿಲ್ಲ. 'ಟಿಎಕ್ಸ್‌ಟಿ' ಎಂದರೆ ಬರೀ ಬರಹ, 'ವಿಬಿಎಸ್' ಎಂದರೆ ತೆರೆದೊಡನೆ ಓಡುವ ಪ್ರೋಗ್ರಾಮು. ಫೋಲ್ಡರಿನ 'ವ್ಯೂ' ಆಯ್ಕೆಗಳಲ್ಲಿ ಇದನ್ನು ಬದಲಾಯಿಸಿಕೊಂಡರೆ ಕೊನೆಯ ಚುಕ್ಕಿಯ ನಂತರ ಏನಿದೆಯೆಂದು ಕಾಣುತ್ತದೆ, ನೋಡಬೇಕಾದದ್ದೂ ಅದನ್ನೇ. ಪಾಸ್‌ವರ್ಡ್ ಹಾಕಿದ ಜಿಪ್ ಫೈಲು ಮತ್ತು ಅದರ ಪಾಸ್‌ವರ್ಡ್ ಒಂದೇ ಪತ್ರದಲ್ಲಿ ಬಂದರೆ ನಾನು ಮುಟ್ಟುವುದಿಲ್ಲ. ಗುಟ್ಟನ್ನು ಕಾಯುವ ಉದ್ದೇಶವಿದ್ದರೆ ಬೀಗದ ಜೊತೆಗೇ ಕೀಲಿ ಕಳುಹಿಸುವುದಿಲ್ಲ. ಆ ಬೀಗ ಇರುವುದು ವೈರಸ್ ಹುಡುಕುವ ಸ್ಕ್ಯಾನರು ಒಳಗೆ ಇಣುಕದಿರಲೆಂದು.

ವರ್ಡ್ ಫೈಲು 'ಎನೇಬಲ್ ಕಂಟೆಂಟ್' ಒತ್ತಿ ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಕವಿತೆಗಾಗಲಿ ಲಗ್ನಪತ್ರಿಕೆಗಾಗಲಿ ಆ ಗುಂಡಿ ಓಡಿಸುವ ಮ್ಯಾಕ್ರೋ (ಫೈಲಿನೊಳಗಿನ ಪುಟ್ಟ ಪ್ರೋಗ್ರಾಮು) ಬೇಕಿಲ್ಲ. ಅಂತರ್ಜಾಲದಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ, ಆದರೆ ಮೇಷ್ಟ್ರ ಮನೆಯಲ್ಲಿದ್ದಂತಹ ಹಳೆಯ ಆಫೀಸ್ ಇನ್ನೂ ಎಷ್ಟೋ ಮನೆಗಳಲ್ಲಿದೆ. ಅನುಮಾನ ಬಂದ ಫೈಲನ್ನು ನಾನು ಇಳಿಸಿಕೊಳ್ಳದೆ ಜಿಮೇಲ್‌ನ ಮುನ್ನೋಟದಲ್ಲಿಯೇ ನೋಡುತ್ತೇನೆ. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ್ದಾದರೆ ಅಲ್ಲಿ ಕನ್ನಡದ ಬದಲು ರೋಮನ್ ಲಿಪಿಯ ವಿಚಿತ್ರ ಚಿಹ್ನೆಗಳು ಸಾಲುಸಾಲಾಗಿ ಕಾಣುತ್ತವೆ. ಬೇರೆಯವರಿಗೆ ಅದು ಕಸದಂತೆ ಕಂಡರೂ, ಒಳಗೆ ನಿಜವಾಗಿ ಬರಹವೇ ಇದೆ ಎಂದು ಅದರಿಂದಲೇ ನನಗೆ ಗೊತ್ತಾಗುತ್ತದೆ.

ಕರಡು ಕಳುಹಿಸುವ ಮುಂಚೆ ನಾನೇ ಫೋನ್ ಮಾಡಿ "ಮೂರನೇ ಕರಡು ಕಳುಹಿಸುತ್ತಿದ್ದೇನೆ" ಎಂದು ಹೇಳುವುದು ಈಗ ರೂಢಿಯಾಗಿದೆ, ಹೇಳದೆ ಬಂದದ್ದನ್ನು ಗ್ರಾಹಕರು ತೆರೆಯುವುದಿಲ್ಲ. ಅವರ ಹೆಸರಿನಲ್ಲಿ ಅನಿರೀಕ್ಷಿತವಾಗಿ ಏನಾದರೂ ಬಂದರೆ ನಾನೂ ಕೇಳುತ್ತೇನೆ, ಅದೂ ಪತ್ರದ ಕೆಳಗೆ ಕೊಟ್ಟ ನಂಬರಿಗಲ್ಲ, ನನ್ನ ಪುಸ್ತಕದಲ್ಲಿ ಬರೆದಿಟ್ಟ ನಂಬರಿಗೆ. ದಿನದ ಕೆಲಸವನ್ನು ಸಂಜೆ ಒಂದು ಹಾರ್ಡ್ ಡಿಸ್ಕಿಗೆ ತುಂಬಿ ಅದರ ಕೇಬಲ್ಲನ್ನು ಕಿತ್ತಿಡುತ್ತೇನೆ, ಯಾಕೆಂದರೆ ಕಂಪ್ಯೂಟರಿಗೆ ಅಂಟಿಕೊಂಡೇ ಇರುವ ಬ್ಯಾಕಪ್ಪು ಕಂಪ್ಯೂಟರಿನ ಜೊತೆಗೇ ಹೋಗುತ್ತದೆ.

ಆ ಸಂಜೆ ಮೇಷ್ಟ್ರ ಮನೆಯಲ್ಲಿ ಮೊದಲು ನೆಟ್ ಕೇಬಲ್ಲನ್ನು ಎಳೆದುಹಾಕಿದೆವು. ನನ್ನ ಫೋನಿನಿಂದ ಅವರ ಮೇಲ್ ಖಾತೆಯ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆಯನ್ನು ಹಾಕಿ, ಬ್ಯಾಂಕಿನ ಪಾಸ್‌ವರ್ಡನ್ನೂ ಬದಲಿಸಿದೆವು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಾಗುತ್ತಿತ್ತು, ಪುಣ್ಯಕ್ಕೆ ಹೋಗಿರಲಿಲ್ಲ. ಆಮೇಲೆ ಮೇಷ್ಟ್ರು ತಮ್ಮ ಹಳೆಯ ಡೈರಿಯನ್ನು ತಂದು ದಿವಾನದ ಮೇಲೆ ಕುಳಿತು ಒಬ್ಬೊಬ್ಬರಿಗೇ ಫೋನ್ ಮಾಡಿದರು. "ನನ್ನ ಹೆಸರಿನಲ್ಲಿ ಬಂದ ಪತ್ರ ನನ್ನದಲ್ಲಪ್ಪಾ, ತೆರೆಯಬೇಡ" ಎಂದು ಅದೇ ಮಾತನ್ನು ರಾತ್ರಿ ಒಂಬತ್ತೂವರೆಯವರೆಗೆ ಹೇಳಿದರು. ಇಬ್ಬರು ಆಗಲೇ ತೆರೆದಿದ್ದರು. ಅವರಲ್ಲಿ ಒಬ್ಬರು ಮೈಸೂರಿನವರು. ಮೇಷ್ಟ್ರು ಫೋನು ಇಡದೆ, ಅವರ ಮಗ ರೂಮಿಗೆ ಹೋಗಿ ಕೇಬಲ್ ಕಿತ್ತು ಬಂದು "ಆಯಿತು ಸರ್" ಎನ್ನುವವರೆಗೂ ಕಾದರು.