ಒಂದು ಮರ ನೋಡಲು ಮೂರು ಸಲ: ಬೆಂಕಿಗಾಲದ ಯೊಸೆಮಿಟಿ ಪ್ರವಾಸ

ಅಪ್ಪ ಅಮ್ಮ ತೀರ್ಥಹಳ್ಳಿ ಕಡೆಯಿಂದ ಫ್ರೀಮಾಂಟ್‌ನ ನಮ್ಮ ಮನೆಗೆ ಬಂದಿದ್ದು 2022ರ ಮೇ ಕೊನೆಯಲ್ಲಿ. ಅಪ್ಪನದು ಒಂದೇ ಬೇಡಿಕೆ. "ಆ ದೊಡ್ಡ ಮರ ತೋರಿಸಿಬಿಡು ಮಾರಾಯ. ವೇಗಸ್ಸು ಗೀಗಸ್ಸು ಏನೂ ಬೇಡ." ದೊಡ್ಡ ಮರವೆಂದರೆ ಗ್ರಿಜ್ಲಿ ಜಯಂಟ್. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ದಕ್ಷಿಣ ತುದಿಯ ತೋಪು, ಮ್ಯಾರಿಪೋಸಾ ಗ್ರೋವ್‌ನ ಐನೂರಕ್ಕೂ ಹೆಚ್ಚು ಬಲಿತ ಸಿಕೋಯಾ ಮರಗಳಲ್ಲಿ ಅದೊಂದು. ವಯಸ್ಸು ಸುಮಾರು 3,000 ವರ್ಷ, ಎತ್ತರ 209 ಅಡಿ. ನಮ್ಮ ಮನೆಯಿಂದ ಕಾರಿನಲ್ಲಿ ನಾಲ್ಕು ಗಂಟೆ ಚಿಲ್ಲರೆ ದಾರಿ, ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಮರದ ಕೆಳಗಿರಬಹುದು ಅಂದುಕೊಂಡಿದ್ದೆ. ಕೊನೆಗೆ ಅಲ್ಲಿಗೆ ತಲುಪಿದ್ದು ಆಗಸ್ಟ್ ಮಧ್ಯದಲ್ಲಿ, ಮೂರನೆಯ ಪ್ರಯತ್ನಕ್ಕೆ. ಜುಲೈನಿಂದ ಅಕ್ಟೋಬರ್ ಒಳಗೆ, ಕಾಡ್ಗಿಚ್ಚಿನ ಕಾಲದಲ್ಲಿ, ಕ್ಯಾಲಿಫೋರ್ನಿಯಾದ ಕಾಡುಗಳಿಗೆ ಹೊರಡುವವರಿಗೆ, ಅದರಲ್ಲೂ ಊರಿನಿಂದ ಬಂದ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ, ನಮ್ಮ ಪಾಡು ಉಪಯೋಗಕ್ಕೆ ಬಂದೀತು.

ಮೊದಲ ಸಲ ಹೊರಟಿದ್ದು ಜುಲೈ 8ರ ಶುಕ್ರವಾರ. ಉದ್ಯಾನದ ಒಳಗೇ ಇರುವ ವವೋನಾ ಎಂಬ ಪುಟ್ಟ ಊರಲ್ಲಿ ಖಾಸಗಿ ಕ್ಯಾಬಿನ್ ಒಂದನ್ನು ಎರಡು ರಾತ್ರಿಗೆ ಹಿಡಿದಿದ್ದೆವು. ಹಿಂದಿನ ದಿನ ಮಧ್ಯಾಹ್ನ ಗ್ರೋವ್‌ನ ಕೆಳಭಾಗದ ವಾಶ್‌ಬರ್ನ್ ಕಾಲುದಾರಿಯ ಹತ್ತಿರ ಹೊಗೆ ಎದ್ದಿದೆ ಎಂಬ ಸುದ್ದಿಯನ್ನು ನಾನು ನೋಡಿದ್ದೆ. ನೋಡಿಯೂ, ಸಣ್ಣ ಬೆಂಕಿ, ಆರಿಸಿಬಿಡುತ್ತಾರೆ ಅಂತ ಸುಮ್ಮನಾದೆ. ಮರ್ಸೆಡ್‌ನಲ್ಲಿ ಪೆಟ್ರೋಲ್ ಹಾಕಿಸುತ್ತಿದ್ದಾಗ ಕ್ಯಾಬಿನ್ ಮಾಲೀಕರ ಮೆಸೇಜು ಬಂತು: ವವೋನಾ ಖಾಲಿ ಮಾಡಿಸುತ್ತಿದ್ದಾರೆ, ಬರಬೇಡಿ. ಮನೆಯವರು, ಕ್ಯಾಂಪಿಂಗ್‌ಗೆ ಬಂದವರು ಎಲ್ಲ ಸೇರಿ ನೂರಾರು ಜನ ಅದೇ ದಿನ ಅಲ್ಲಿಂದ ಹೊರಬಿದ್ದರು. ದಕ್ಷಿಣ ದ್ವಾರಕ್ಕೆ ಹೋಗುವ ಹೆದ್ದಾರಿ 41ರ ದಾರಿ ಬಂದ್.

ಆಗ ಹೊಳೆದದ್ದು ಇನ್ನೊಂದು ತಾಪತ್ರಯ. ಆ ವರ್ಷ ಬೇಸಿಗೆಯಲ್ಲಿ ಬೆಳಿಗ್ಗೆ 6ರಿಂದ ಸಂಜೆ 4ರವರೆಗೆ ಯೊಸೆಮಿಟಿ ಒಳಗೆ ಬರಲು ಮುಂಗಡ ರಿಸರ್ವೇಶನ್ ಬೇಕಿತ್ತು. ಒಳಗೆ ತಂಗುವವರಿಗೆ ಅದು ಬೇಡ, ತಂಗುವ ಬುಕಿಂಗೇ ಸಾಕು. ನಮ್ಮ ತಂಗುವ ಬುಕಿಂಗೇ ಹೋದಮೇಲೆ ಒಳಗೆ ಬಿಡುವ ಚೀಟಿಯೂ ಹೋದ ಹಾಗೆ! ಇದು ಯಾರೂ ಮೊದಲೇ ಯೋಚಿಸದ ವಿಷಯ. ರಿಸರ್ವೇಶನ್ ನಿಯಮ ವರ್ಷ ವರ್ಷಕ್ಕೆ ಬದಲಾಗುತ್ತದೆ, 2023ರ ಬೇಸಿಗೆಯಲ್ಲಿ ಇರಲೇ ಇಲ್ಲ, 2024ರಲ್ಲಿ ಮತ್ತೆ ಬಂತು. ಹಾಗಾಗಿ ನೀವು ಹೋಗುವ ವರ್ಷದ ನಿಯಮ ನೋಡಿ. ಇದ್ದರೆ, ಒಳಗೇ ತಂಗುವ ಯೋಜನೆಯಿದ್ದರೂ ದಿನದ ರಿಸರ್ವೇಶನ್ ಒಂದನ್ನು ಬೇರೆಯಾಗಿ ಮಾಡಿಸಿಟ್ಟುಕೊಳ್ಳಿ.

ಅವತ್ತು ನಮಗೆ ಉಳಿದಿದ್ದು ಒಂದೇ ದಾರಿ: ಆರು ಗಂಟೆಗೆ ಮೊದಲೇ ಒಳಗೆ ನುಗ್ಗುವುದು. ಮರ್ಸೆಡ್‌ನಲ್ಲೇ ಒಂದು ಮೋಟೆಲ್ ಹಿಡಿದು, ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಮಗಳನ್ನು ಹೊದಿಕೆ ಸಮೇತ ಕಾರಿಗೆ ಹಾಕಿ ಹೆದ್ದಾರಿ 140 ಹಿಡಿದೆವು. ಮ್ಯಾರಿಪೋಸಾ ಪಟ್ಟಣ ದಾಟಿದ ಮೇಲೆ ದಾರಿ ಮರ್ಸೆಡ್ ನದಿಯ ಕಣಿವೆಗೆ ಇಳಿಯುತ್ತದೆ. ಅಲ್ಲಿ 2006ರಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿಹೋದ ಜಾಗದಲ್ಲಿ ವಾಹನಗಳು ನದಿಯ ಆಚೆ ದಡಕ್ಕೆ ದಾಟಿ ಮತ್ತೆ ಈಚೆಗೆ ಬರುವಂತೆ ತಾತ್ಕಾಲಿಕ ಸೇತುವೆ ಹಾಕಿದ್ದಾರೆ. ಒಂದು ಸಲಕ್ಕೆ ಒಂದೇ ಕಡೆಯವರಿಗೆ ಹಸಿರು ದೀಪ. ಕತ್ತಲಲ್ಲಿ ಎದುರಿನಿಂದ ಒಂದು ವಾಹನವೂ ಇಲ್ಲ, ಕೆಂಪು ದೀಪ ಮಾತ್ರ ಉರಿಯುತ್ತಿದೆ, ನಾನು ಗಡಿಯಾರ ನೋಡುತ್ತಿದ್ದೇನೆ. ಹಿಂದಿನ ಸೀಟಿನಲ್ಲಿ ಅಮ್ಮ ಡಬ್ಬಿ ಬಿಚ್ಚಿದ್ದರಿಂದ ಕಾರೆಲ್ಲ ಹುಳಿಯವಲಕ್ಕಿಯ ಘಮ. ಆರ್ಚ್ ರಾಕ್ ದ್ವಾರ ದಾಟಿದಾಗ 5 ಗಂಟೆ 52 ನಿಮಿಷ. ಈ ದಾರಿಯಲ್ಲಿ ಹೋಗುವವರು ಆ ಸಿಗ್ನಲ್‌ಗಾಗಿ ಹದಿನೈದು ನಿಮಿಷ ಕೈಯಲ್ಲಿಟ್ಟುಕೊಳ್ಳಿ. ಈ ನದಿ ಕಣಿವೆಯಲ್ಲಿ ಫೋನ್ ಸಿಗ್ನಲ್ಲೂ ಸಿಗುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡಿರಬೇಕು.

ಯೊಸೆಮಿಟಿ ಕಣಿವೆ ತೆರೆದಿತ್ತು. ಯಾಕೆಂದರೆ, ಬೆಂಕಿ ಬಿದ್ದಿದ್ದು ಉದ್ಯಾನದ ದಕ್ಷಿಣ ಮೂಲೆಗೆ. ಹಾಫ್ ಡೋಮ್, ಎಲ್ ಕ್ಯಾಪಿಟನ್ ಇರುವ ನಡುವಿನ ಕಣಿವೆಗೆ ಬರಲು ಬೇರೆ ದ್ವಾರಗಳಿವೆ. ಊರಿನಿಂದ ಅಕ್ಕ ಫೋನ್ ಮಾಡಿ "ಯೊಸೆಮಿಟಿ ಪೂರ್ತಿ ಸುಡ್ತಿದೆಯಂತಲ್ಲೋ" ಅಂದಾಗ ನಾವು ಟನೆಲ್ ವ್ಯೂನಲ್ಲಿ ನಿಂತು ಫೋಟೊ ತೆಗೆಯುತ್ತಿದ್ದೆವು. ಹಾಗಂತ ಎಲ್ಲ ಚೆನ್ನಾಗಿತ್ತು ಅಂತಲ್ಲ. ಬಂಡೆಗಳೆಲ್ಲ ತೆಳು ಬೂದು ಪರದೆಯ ಹಿಂದೆ ನಿಂತಂತಿದ್ದವು. ಸೂರ್ಯ ಮೇಲೆ ಬಂದಾಗ ಓಕುಳಿ ನೀರಿನ ಬಣ್ಣ. ಅಪ್ಪನಿಗೆ ಮೊದಲಿನಿಂದ ಉಬ್ಬಸ. ಒಂಬತ್ತರ ಹೊತ್ತಿಗೆ ಇನ್‌ಹೇಲರ್ ಎರಡು ಸಲ ಹೊರಬಂತು, ಮಧ್ಯಾಹ್ನದ ಹೊತ್ತಿಗೆ ಗಾಡಿ ತಿರುಗಿಸಿದೆವು. ಗ್ಲೇಸಿಯರ್ ಪಾಯಿಂಟ್‌ಗೆ ಮೇಲೆ ಹತ್ತಿ ಹೊಗೆಯಿಂದ ಪಾರಾಗೋಣವೆಂದರೆ ಆ ರಸ್ತೆ ದುರಸ್ತಿಗೆಂದು ಆ ವರ್ಷವಿಡೀ ಮುಚ್ಚಿತ್ತು.

ಹೊಗೆಯ ಬಗ್ಗೆ ಒಂದು ಮಾತು. ರಾತ್ರಿ ತಣ್ಣಗಾದಾಗ ಅದು ಕಣಿವೆಯ ತಳದಲ್ಲಿ ಕೂರುತ್ತದೆ, ಬಿಸಿಲೇರಿ ಗಾಳಿ ಎದ್ದಮೇಲೆ ಎಷ್ಟೋ ಸಲ ಮೇಲಕ್ಕೆ ಹೋಗುತ್ತದೆ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು ಎಂಬ ನಮ್ಮ ಮಾಮೂಲಿ ಲೆಕ್ಕ ಹೊಗೆಯ ದಿನಗಳಲ್ಲಿ ತಲೆಕೆಳಗು. ಏರ್‌ನೌ ತಾಣದ ಬೆಂಕಿ-ಹೊಗೆ ನಕ್ಷೆಯಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ (ಹೆಚ್ಚಾದಷ್ಟೂ ಕೆಟ್ಟದ್ದು) 100 ದಾಟಿದರೆ ಉಬ್ಬಸ, ಹೃದಯದ ತೊಂದರೆ ಇರುವವರಿಗೆ, ಮಕ್ಕಳಿಗೆ ಆಗಿಬರುವುದಿಲ್ಲ. 150 ದಾಟಿದರೆ ಯಾರಿಗೂ ಆಗಿಬರುವುದಿಲ್ಲ. ಉದ್ಯಾನದ ವೆಬ್‌ಕ್ಯಾಮ್‌ಗಳನ್ನೂ ನೋಡಿ, ಹಾಫ್ ಡೋಮ್ ಕಾಣದಿದ್ದರೆ ಅಲ್ಲಿ ಹೋಗಿ ನೋಡುವುದಾದರೂ ಏನನ್ನು? ಬಟ್ಟೆಯ ಮಾಸ್ಕು ಹೊಗೆಗೆ ಲೆಕ್ಕಕ್ಕಿಲ್ಲ, ಎನ್95 ಬೇಕು.

ಆ ವಾರವೆಲ್ಲ ಅಪ್ಪನ ಕೆಲಸ ಬೆಂಕಿಯ ವರದಿ ಓದುವುದು. ದಿನಾ ಬೆಳಿಗ್ಗೆ ಕಾಫಿ ಹಿಡಿದು ಕೂತು, "ಇವತ್ತು ಕಂಟೇನ್‌ಮೆಂಟ್ ಎಷ್ಟಾಯ್ತು?" ನಾನೂ ಅದನ್ನು ಎಷ್ಟು ಬೆಂಕಿ ಆರಿದೆ ಎಂಬ ಲೆಕ್ಕ ಅಂತಲೇ ತಿಳಿದಿದ್ದೆ. ಹಾಗಲ್ಲ. ಸುಡುತ್ತಿರುವ ಜಾಗದ ಸುತ್ತಳತೆಯಲ್ಲಿ ಎಷ್ಟು ಪಾಲಿಗೆ, ಬೆಂಕಿ ದಾಟಲಾರದು ಎಂದು ಭರವಸೆ ಇಡಬಹುದಾದ ಗೆರೆ ಬಿದ್ದಿದೆ ಎಂಬುದೇ ಆ ಶೇಕಡಾವಾರು. ಕೈಯಲ್ಲಿ ಕೆರೆದ ಗೆರೆ, ಬುಲ್ಡೋಜರ್ ಎಳೆದ ಗೆರೆ, ರಸ್ತೆ, ನದಿ, ಎಲ್ಲವೂ ಸೇರುತ್ತದೆ. ಗೆರೆಯ ಒಳಗೆ ಬೆಂಕಿ ಧಗಧಗ ಉರಿಯುತ್ತಿದ್ದರೂ ಶೇಕಡಾ ಏರಬಹುದು. ಅಪ್ಪನಿಗೆ ಇದು ಕೂಡಲೇ ಅರ್ಥವಾಯಿತು. "ಓ, ನಮ್ಮಲ್ಲಿ ಶಿವರಾತ್ರಿಗೆ ಮೊದಲು ಫಾರೆಸ್ಟಿನವರು ಬೆಂಕಿ ರೇಖೆ ಸವರ್ತಾರಲ್ಲ, ಅದೇ. ಇವರು ಬೆಂಕಿ ಬಿದ್ದಮೇಲೆ ಸವರ್ತಾರೆ ಅಷ್ಟೆ."

ಅಷ್ಟೇ ಅಲ್ಲ ಎಂಬುದು ಆಮೇಲೆ ಗೊತ್ತಾಯಿತು. ಮ್ಯಾರಿಪೋಸಾ ಗ್ರೋವ್‌ನಲ್ಲಿ ದಶಕಗಳಿಂದ ಉದ್ಯಾನದವರೇ ಆಗಾಗ ಸಣ್ಣ ಬೆಂಕಿ ಹಚ್ಚಿ, ನೆಲದ ಒಣ ತರಗು, ಪೊದೆ ಸುಟ್ಟು ಬರುತ್ತಿದ್ದಾರೆ. ವಾಶ್‌ಬರ್ನ್ ಬೆಂಕಿ ಗ್ರೋವ್‌ಗೆ ಬಂದಾಗ ಅದಕ್ಕೆ ತಿನ್ನಲು ಹೆಚ್ಚೇನೂ ಸಿಗಲಿಲ್ಲ. ಗ್ರಿಜ್ಲಿ ಜಯಂಟ್ ಬುಡಕ್ಕೆ ಸ್ಪ್ರಿಂಕ್ಲರ್ ಇಟ್ಟು ತೇವ ಮಾಡಿದ್ದರು; ಆ ಚಿತ್ರ ನೋಡಿದ ಅಪ್ಪ, "ನಮ್ಮ ಅಡಿಕೆ ತೋಟದ ಜೆಟ್ಟು ಇದ್ದಹಾಗೇ ಇದೆ" ಅಂದರು. ಆತಂಕಕ್ಕೆ ಕಾರಣವಿತ್ತು. 2020ರ ಕ್ಯಾಸಲ್ ಬೆಂಕಿಯಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ದೊಡ್ಡ ಸಿಕೋಯಾಗಳು ಸತ್ತಿದ್ದವೆಂದು ಅಂದಾಜಾಗಿತ್ತು. ಅದೂ, ಸಾಮಾನ್ಯವಾಗಿ ಬೆಂಕಿಗೆ ಜಗ್ಗದ, ಕಾಯಿ ಬಿರಿಯಲು ಬೆಂಕಿಯ ಬಿಸಿಯನ್ನೇ ಕಾಯುವ ಮರದ ಜಾತಿ ಅದು.

ಎರಡನೇ ಸಲ ನಾನು ಜಾಣನಾಗಿದ್ದೆ, ಅಥವಾ ಹಾಗಂದುಕೊಂಡಿದ್ದೆ. ಜುಲೈ 23ಕ್ಕೆ ದಿನದ ರಿಸರ್ವೇಶನ್, ಮ್ಯಾರಿಪೋಸಾ ಪಟ್ಟಣದಲ್ಲಿ ಹೋಟೆಲ್, ದಾರಿ 140. ಹಿಂದಿನ ದಿನ, 22ರ ಮಧ್ಯಾಹ್ನ, ಅದೇ 140ರ ಪಕ್ಕದ ಮಿಡ್‌ಪೈನ್ಸ್ ಬಳಿ ಓಕ್ ಫೈರ್ ಹೊತ್ತಿಕೊಂಡಿತು. ವಾಶ್‌ಬರ್ನ್ ನಿಧಾನದ ಬೆಂಕಿ, ವಾರಗಟ್ಟಲೆ ಕಾದರೂ ಒಟ್ಟು 4,900 ಎಕರೆ ಆಸುಪಾಸು. ಇದು ಒಂದೇ ದಿನದಲ್ಲಿ ಅದರ ದುಪ್ಪಟ್ಟು ದಾಟಿತು. ಆರು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟರು, 140ರ ಒಂದು ಭಾಗ ಮುಚ್ಚಿತು, ಕೊನೆಗೆ ಸುಟ್ಟಿದ್ದು 19,244 ಎಕರೆ.

ಹೆದ್ದಾರಿ 120ರ ಕಡೆಯಿಂದ, ಗ್ರೋವ್‌ಲ್ಯಾಂಡ್ ಮೇಲೆ ಹೋಗಬಹುದಿತ್ತು. ಹೆಂಡತಿ "ಬೇಡ" ಅಂದಳು, ಅವಳು ಹೇಳಿದ್ದೇ ಸರಿ. ಹೋಟೆಲ್‌ಗೆ ಫೋನ್ ಮಾಡಿ ರೂಮು ಬಿಟ್ಟುಕೊಡುತ್ತೇವೆ ಅಂದಾಗ ಆ ಕಡೆಯ ಹೆಂಗಸು ಒಂದು ಕ್ಷಣ ಸುಮ್ಮನಿದ್ದು, ಲಾಬಿಯಲ್ಲಿ ಎರಡು ನಾಯಿ ಕಟ್ಟಿಕೊಂಡು ಒಂದು ಕುಟುಂಬ ಕೂತಿದೆ, ಈಗಲೇ ಅವರಿಗೆ ಕೊಡುತ್ತೇನೆ ಅಂದಳು. ಹತ್ತಿರದ ಊರಿಗೆ ಎವ್ಯಾಕ್ಯುಯೇಶನ್ ಆರ್ಡರ್, ಅಂದರೆ ಜಾಗ ಖಾಲಿ ಮಾಡುವ ಆದೇಶ, ಬಿದ್ದಿದ್ದರೆ, ದಾರಿ ತೆರೆದಿದ್ದರೂ, ನಿಮ್ಮ ರೂಮು ಇನ್ನೊಬ್ಬರ ಮನೆ ಆಗಬೇಕಾದ ಹೊತ್ತದು. ದಯವಿಟ್ಟು ಮೂರು ಹೋಟೆಲ್ ಬುಕ್ ಮಾಡಿಟ್ಟು ಕೊನೆಗೆ ನೋಡೋಣ ಎಂಬ ಚಾಳಿ ಬೇಡ.

ಇಲ್ಲಿನ ಎಚ್ಚರಿಕೆಯ ಪದಗಳು ಎರಡು. ವಾರ್ನಿಂಗ್ ಅಂದರೆ ಗಂಟುಮೂಟೆ ಕಟ್ಟಿಕೊಂಡು ಸಿದ್ಧವಾಗಿರಿ, ಆದರೆ ಹಿರಿಯರು, ದನಕರು ಇರುವವರು ಈಗಲೇ ಹೊರಡಿ. ಆರ್ಡರ್ ಅಂದರೆ ಪ್ರಾಣಾಪಾಯ, ತಕ್ಷಣ ಹೊರಡಿ. ಆ ಜಾಗ ಸಾರ್ವಜನಿಕರಿಗೆ ಕಾನೂನು ಪ್ರಕಾರ ಬಂದ್. ಅಪ್ಪ ಅಮ್ಮ ಜೊತೆಗಿದ್ದಾಗ ವಾರ್ನಿಂಗನ್ನೇ ಆರ್ಡರ್ ಎಂದು ತಿಳಿಯುವುದು ನಮ್ಮ ಮನೆಯ ನಿಯಮ. ಹಿರಿಯರ ಮಾತ್ರೆ, ಪಾಸ್‌ಪೋರ್ಟ್, ವಿಮೆಯ ಕಾಗದ ಇವು ರೂಮಿನಲ್ಲಿ ಬಿಟ್ಟು ಸುತ್ತಲು ಹೋಗಬಾರದು. ಸಂಜೆ ವಾಪಸು ಬಂದಾಗ ರಸ್ತೆಗೆ ಅಡ್ಡ ಪೊಲೀಸ್ ಗಾಡಿ ನಿಂತಿರಬಹುದು.

ರಸ್ತೆಯ ಸ್ಥಿತಿಗೆ ರಾಜ್ಯದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್, ಬೆಂಕಿಗೆ ರಾಜ್ಯದ ಅಗ್ನಿಶಾಮಕ ಇಲಾಖೆ ಕ್ಯಾಲ್‌ಫೈರ್ ತಾಣ ಮತ್ತು ವಾಚ್ ಡ್ಯೂಟಿ ಆ್ಯಪ್, ಕೇಂದ್ರ ಸರ್ಕಾರದ ಕಾಡುಗಳಿಗೆ ಇನ್ಸಿವೆಬ್. ಗೂಗಲ್ ಮ್ಯಾಪ್ ಒಂದನ್ನೇ ನಂಬಬೇಡಿ, ಹೆದ್ದಾರಿ ಮುಚ್ಚಿದರೆ ಅದು ಎಲ್ಲೆಲ್ಲಿಯ ಮಣ್ಣು ದಾರಿಗೆ ತಿರುಗಿಸುತ್ತದೋ ಹೇಳಲಾಗದು. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಬಾರದು. ಯೊಸೆಮಿಟಿ ಕಣಿವೆಯೊಳಗೆ ಬಂಕ್ ಇಲ್ಲವೇ ಇಲ್ಲ. ದುಡ್ಡಿನ ವಿಷಯ: ವವೋನಾ ಕ್ಯಾಬಿನ್ ಮಾಲೀಕರು ಬಾಡಿಗೆ ಪೂರ್ತಿ ವಾಪಸು ಕೊಟ್ಟರು, ಬುಕಿಂಗ್ ತಾಣ ಮಾತ್ರ ತನ್ನ ಸೇವಾ ಶುಲ್ಕ ಬಿಡಲಿಲ್ಲ. ಆರು ಇಮೇಲ್ ಬರೆದು ಸುಸ್ತಾಗಿ ಕೈಬಿಟ್ಟೆ. ಬೆಂಕಿಗಾಲಕ್ಕೆ ಬುಕ್ ಮಾಡುವಾಗ ಐದು ಡಾಲರ್ ಹೆಚ್ಚಾದರೂ ಕೊನೇ ದಿನ ರದ್ದು ಮಾಡಬಹುದಾದ್ದನ್ನೇ ಹಿಡಿಯಿರಿ. ಸರ್ಕಾರಿ ಬುಕಿಂಗ್ ತಾಣ ರಿಕ್ರಿಯೇಶನ್ ಡಾಟ್ ಗವ್‌ನಲ್ಲಿ ಮಾಡಿಸಿದ ಕ್ಯಾಂಪ್‌ಸೈಟ್ ಬೆಂಕಿಯಿಂದ ಮುಚ್ಚಿದರೆ ಹಣ ಅವರೇ ವಾಪಸು ಹಾಕುತ್ತಾರೆ.

ಗ್ರೋವ್ ಮತ್ತೆ ತೆರೆದದ್ದು ಆಗಸ್ಟ್ 3ಕ್ಕೆ. ಅಪ್ಪ ಆ ಸುದ್ದಿಯನ್ನು ನನಗಿಂತ ಮೊದಲು ಓದಿ, ಶರ್ಟಿನ ಜೇಬಿಗೆ ಇನ್‌ಹೇಲರ್ ಹಾಕಿಕೊಂಡೇ ಕೂತಿದ್ದರು. ಹತ್ತು ದಿನ ಬಿಟ್ಟು ಓಕ್‌ಹರ್ಸ್ಟ್ ಕಡೆಯಿಂದ, ಹೆದ್ದಾರಿ 41ರಲ್ಲಿ ಹೋದೆವು. ದಕ್ಷಿಣ ದ್ವಾರದ ಹತ್ತಿರ ಕಾರು ನಿಲ್ಲಿಸಿ ಉಚಿತ ಶಟಲ್ ಬಸ್ಸಿನಲ್ಲಿ ಎರಡು ಮೈಲಿ. ಮಂಡಿನೋವಿನವರಿಗೆ ಅಡ್ಡಿಯಿಲ್ಲ, ಬಸ್ಸು ಇಳಿದಮೇಲೂ ಕೆಳಗಿನ ಗ್ರೋವ್‌ನ ಒಂದಷ್ಟು ಮರಗಳು ಹತ್ತಿರವೇ ಇವೆ. ಗ್ರಿಜ್ಲಿ ಜಯಂಟ್‌ಗೆ ಹೋಗಿಬರುವ ಸುತ್ತು ಎರಡು ಮೈಲಿ, ಸ್ವಲ್ಪ ಏರು. ಅಪ್ಪ ನಾಲ್ಕು ಕಡೆ ಕೂತರು.

ಗಾಳಿಯಲ್ಲಿ ನೆಂದ ಬೂದಿಯ ವಾಸನೆ ಇನ್ನೂ ಇತ್ತು, ನಮ್ಮ ಹಂಡೆಯೊಲೆ ಆರಿದ ಮರುದಿನದ್ದೇ ವಾಸನೆ. ದೊಡ್ಡ ಮರದ ಬುಡದಲ್ಲಿ ಆಳೆತ್ತರದ ಕರೀ ಗಾಯ. ಅಯ್ಯೋ ಈ ಸಲದ್ದೇ ಅಂತ ಅಮ್ಮ ಕೇಳಿದ್ದಕ್ಕೆ ಅಲ್ಲಿದ್ದ ರೇಂಜರ್ ನಕ್ಕು, ಇಲ್ಲ, ಇದೆಲ್ಲ ಯಾವುದೋ ಕಾಲದ ಬೆಂಕಿಗಳದ್ದು ಅಂದ. ಅಪ್ಪ ಮಾತಾಡಲಿಲ್ಲ. ಬೇಲಿಯ ಹೊರಗೆ ನಿಂತು, ಕುತ್ತಿಗೆ ಹಿಂದಕ್ಕೆ ಎತ್ತಿ, ಟೋಪಿ ಬಿದ್ದದ್ದನ್ನೂ ಗಮನಿಸದೆ ನೋಡಿದರು. ಅಮ್ಮ ನೆಲದಿಂದ ಕೋಳಿಮೊಟ್ಟೆ ಗಾತ್ರದ ಕಾಯೊಂದನ್ನು ಎತ್ತಿ, "ಇಷ್ಟು ದೊಡ್ಡ ಮರಕ್ಕೆ ಇಷ್ಟೇ ಕಾಯಾ?" ಅಂತ ತಿರುಗಿಸಿ ನೋಡುತ್ತಿದ್ದಳು. ಒಯ್ಯುವಂತಿಲ್ಲ ಅಂತ ಮಗಳು ಇಂಗ್ಲಿಷಿನಲ್ಲಿ ಬೋರ್ಡು ಓದಿ ಹೇಳಿದಳು. ಅಮ್ಮ ಅದನ್ನು ಎತ್ತಿದ ಜಾಗದಲ್ಲೇ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡರೆ ಸೆರಗಿನ ಮೇಲೆ ಮಸಿಯ ಎರಡು ಬೆರಳು ಮೂಡಿತು.