ಗಿಡ್ಡ ಗಿಟಾರು

ಇವತ್ತು ಬೆಂದೂರಿನ ಒಂದು ಮನೆಗೆ ಗಿಟಾರ್ ನೋಡಲಿಕ್ಕೆ ಹೋಗಿದ್ದೆ. ಮಾರಾಟಕ್ಕಿದ್ದದ್ದು ಹಳೇ ಫೆಂಡರ್ ಮಸ್ಟಾಂಗ್. ಕಲಿಯುವವರಿಗೆ ಅಂತ 1964ರಲ್ಲಿ ಬಂದ ಮಾಡೆಲ್. ಸ್ಕೇಲ್, ಅಂದರೆ ಮಿಡಿಯುವ ತಂತಿಯ ಉದ್ದ, 24 ಇಂಚು. ಅದೇ ಫೆಂಡರಿನವರ ಸ್ಟ್ರಾಟೋಕಾಸ್ಟರ್ ಗಿಟಾರಿಗಿಂತ ಒಂದೂವರೆ ಇಂಚು ಗಿಡ್ಡ. ನನ್ನ ಮೋಟು ಬೆರಳಿಗೆ ಹೇಳಿ ಮಾಡಿಸಿದ ಹಾಗಿತ್ತು ಮಾರಾಯ್ರೆ!

ಸ್ಕ್ರೂಗಳಿಗೆಲ್ಲ ತುಕ್ಕು. ನಮ್ಮ ಕಡಲ ಗಾಳಿ ಯಾವ ಕಬ್ಬಿಣವನ್ನು ಬಿಟ್ಟಿದೆ ಹೇಳಿ.

ಆದರೆ ನೆಕ್ಕಿನ ಹಿಂದೆ, ಹೆಬ್ಬೆರಳು ಕೂರುವ ಜಾಗದಲ್ಲಿ ಪಾಲಿಶ್ ಪೂರಾ ಸವೆದು ಬರೀ ಮರ ಕಾಣುತ್ತಿತ್ತು. ನುಣ್ಣಗೆ, ಅಜ್ಜಿ ಮನೆಯ ಹೊಸ್ತಿಲಿನ ಹಾಗೆ. ಇಷ್ಟು ಸವೆಯಬೇಕಾದರೆ ಎಷ್ಟು ರಾತ್ರಿ ಬಾರಿಸಿರಬೇಕು, ಅಲ್ವಾ?

"ನೀವೇ ಬಾರಿಸ್ತಿದ್ದದ್ದಾ ಅಂಕಲ್?" ಕೇಳಿದೆ.

"ಹೌದು, ಪ್ರಾಯದಲ್ಲಿ. ಈಗ ಬೆರಳು ಮಡಚುವುದಿಲ್ಲ."

ಆಮೇಲೆ ಚೌಕಾಸಿ ಮಾಡಲಿಕ್ಕೆ ಬಾಯಿಯೇ ಬರಲಿಲ್ಲ. ಸುಮ್ನೆ ಚಾ ಕುಡಿದು ಬಂದೆ. ನಾಳೆ ಫೋನ್ ಮಾಡಬೇಕು.