ಖೋ ಕೊಟ್ಟವರು

ಖೋ ಖೋದಲ್ಲಿ ಮೊದಲು ಕಲಿಸುವುದು ಕೂರುವುದನ್ನು. 2006ರ ಜೂನ್‌ನಲ್ಲಿ ನಾನು ನಮ್ಮ ಕಾಲೇಜಿಗೆ ಮೊದಲ ಪಿಯುಸಿಗೆ ಸೇರಿದಾಗ, ಪಿ.ಟಿ. ಮೇಷ್ಟ್ರು ಒಂದು ವಾರ ನಮ್ಮನ್ನು ಓಡಲು ಬಿಡಲೇ ಇಲ್ಲ. ಚೌಕದೊಳಗೆ ಕೂತುಕೊಳ್ಳಿ, ಒಬ್ಬನ ಮುಖ ಈ ಕಡೆ, ಪಕ್ಕದವನ ಮುಖ ಆ ಕಡೆ. ಹಿಂದಿನಿಂದ ಬಂದವನು ಬೆನ್ನು ಮುಟ್ಟಿ "ಖೋ" ಅಂದ ಕೂಡಲೇ ಏಳಬೇಕು. ಅವನು ನಿನ್ನ ಜಾಗದಲ್ಲಿ ಕೂರುತ್ತಾನೆ, ನೀನು ಓಡುತ್ತೀಯ. "ಖೋ ಕಿವಿಯಿಂದ ಕೇಳಬೇಡಿ, ಬೆನ್ನಿಂದ ಕೇಳಿ" ಅನ್ನುತ್ತಿದ್ದರು ಮೇಷ್ಟ್ರು.

ನನಗೆ ಆ ಆಟ ಒಲಿಯಿತು. ಕಂಬದ ಹತ್ತಿರ ಡೈವ್ ಹೊಡೆದು ಓಟಗಾರನನ್ನು ಮುಟ್ಟುವುದರಲ್ಲಿ ನನ್ನ ಕೈ ಮುಂದಿತ್ತು. ಮೊದಲ ವರ್ಷವೇ ನಮ್ಮ ತಂಡ ಜಿಲ್ಲಾ ಮಟ್ಟದವರೆಗೆ ಹೋಯಿತು. ಮೊಣಕೈಯಲ್ಲಿ ಸದಾ ಒಂದು ಗಾಯ ಇರುತ್ತಿತ್ತು. ಅಮ್ಮ ಅದಕ್ಕೆ ಅರಿಶಿನ ಹಚ್ಚುತ್ತಿದ್ದಳು.

ಕಾಲೇಜಿನ ಈ ಸಂಚಿಕೆಗೆ ಬರೆದುಕೊಡಿ ಎಂದು ಫೋನ್ ಮಾಡಿದ ವಿದ್ಯಾರ್ಥಿನಿ, "ಸರ್, ಅಷ್ಟು ದೊಡ್ಡ ಕಷ್ಟವನ್ನ ಧೈರ್ಯದಿಂದ ಹೇಗೆ ಗೆದ್ರಿ ಅಂತ ಬರೀರಿ" ಅಂದಳು. ಪ್ರೀತಿಯಿಂದ ಕೇಳಿದಳು. ಆದರೆ ಧೈರ್ಯದ ಬಗ್ಗೆ ಬರೆಯಲು ನನ್ನ ಹತ್ತಿರ ಜಾಸ್ತಿ ಇಲ್ಲ. ಖೋ ಖೋ ಮೈದಾನದಲ್ಲಿ ಒಂದು ತಂಡಕ್ಕೆ 9 ಜನ. ನನ್ನನ್ನು ಬಿಟ್ಟರೆ 8. ನನಗೆ ಬರೆಯಬೇಕಿರುವುದು ಆ ಎಂಟು ಹುಡುಗರ ಬಗ್ಗೆ.

2007ರ ಆಗಸ್ಟ್. ನಮ್ಮದು ಸಾಗರದ ಕಡೆಯ ಹಳ್ಳಿ, ಸಣ್ಣ ಅಡಿಕೆ ತೋಟ. ಕೊಳೆ ರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯುವ ಹೊತ್ತು. ವಾರದಿಂದ ಸುರಿದ ಮಳೆ ಆವತ್ತು ಹೊಳವಾಗಿತ್ತು. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಸಿದ್ಧ ಮಾಡಿಟ್ಟಿದ್ದಾಗಿತ್ತು. ಮರ ಹತ್ತುವವರು ಜ್ವರ ಬಂದು ಮಲಗಿದ್ದರು. ನಾನು ಹತ್ತುತ್ತೇನೆ ಅಂದೆ. ಅಪ್ಪಯ್ಯ ಬೇಡ ಅಂದರು. ನಾಳೆ ಮತ್ತೆ ಮಳೆ ಹಿಡಿದರೆ ಕಾಯಿಯೆಲ್ಲ ಉದುರುತ್ತದೆ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂರು ಮರ ಮುಗಿಸಿದೆ. ಮೇಲಿಂದಲೇ ಪಕ್ಕದ ಮರ ಎಳೆದುಕೊಂಡು ದಾಟುವಾಗ ಪಾಚಿಯ ಮೇಲೆ ಕೈ ಜಾರಿತು. ಬಸಿಗಾಲುವೆಯ ಅಂಚಿಗೆ ಬೆನ್ನು ಬಡಿಯಿತು.

ನೋವು ಅಷ್ಟೇನೂ ಇರಲಿಲ್ಲ. ಕಾಲು ಕಣ್ಣಿಗೆ ಕಾಣುತ್ತಿತ್ತು, ಮೈಗೆ ಗೊತ್ತಾಗುತ್ತಿರಲಿಲ್ಲ. ಬೇರೆ ಯಾರದ್ದೋ ಕಾಲು ನನ್ನ ಪಕ್ಕ ಬಿದ್ದಿದೆ ಅನ್ನಿಸಿತು. ಅಪ್ಪಯ್ಯ ಓಡಿ ಬಂದು ಕಂಕುಳಿಗೆ ಕೈ ಹಾಕಿದರು. ಚಿಕ್ಕಪ್ಪ ಕಾಲು ಹಿಡಿದರು. ಸೊಂಟ ನಡುವೆ ಜೋತುಬಿತ್ತು. ಹಾಗೇ ರಸ್ತೆವರೆಗೆ ಹೊತ್ತು ತಂದು, ಜೀಪಿನ ಹಿಂದಿನ ಸೀಟಿನಲ್ಲಿ ಮಡಿಸಿ ಕೂರಿಸಿದರು. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದೇ 2008ರ ನವೆಂಬರ್‌ನಲ್ಲಿ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇದನ್ನು ಓದುವ ಮಕ್ಕಳು ಮೈದಾನದಲ್ಲೋ, ತೋಟದಲ್ಲೋ, ರಸ್ತೆಯಲ್ಲೋ ಯಾರಾದರೂ ಬಿದ್ದದ್ದನ್ನು ನೋಡುತ್ತೀರಿ. ಬೆನ್ನೋ ಕುತ್ತಿಗೆಯೋ ನೋಯುತ್ತಿದೆ, ಕೈಕಾಲು ಜುಮ್ಮೆನ್ನುತ್ತಿದೆ, ಅಲುಗಾಡುತ್ತಿಲ್ಲ ಅಂದರೆ ಎಳೆಯಬೇಡಿ, ಕೂರಿಸಬೇಡಿ. ಮೇಲೆ ಬೆಂಕಿಯೋ ನೀರೋ ಬರುತ್ತಿಲ್ಲವಾದರೆ ಆಂಬುಲೆನ್ಸ್ ಬರುವವರೆಗೆ ಇದ್ದಲ್ಲೇ ಇರಲಿ. ಎತ್ತಲೇಬೇಕು ಅಂದರೆ ಮೂರ್ನಾಲ್ಕು ಜನ ಬೇಕು. ತಲೆ, ಕುತ್ತಿಗೆ, ಬೆನ್ನು, ಸೊಂಟ ಒಂದೇ ನೇರದಲ್ಲಿರಬೇಕು. ಮರದ ದಿಮ್ಮಿ ಉರುಳಿಸುವ ಹಾಗೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ, ಹಲಗೆಯ ಮೇಲೆ ಮಲಗಿಸಬೇಕು. ತಲೆಯ ಹತ್ತಿರ ಇರುವವರು ಹೇಳಿದಂತೆ ಉಳಿದವರು ಕೇಳಬೇಕು.

ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪ ಇರುತ್ತದೆ. ಮಿದುಳಿನಿಂದ ಕಾಲಿಗೆ ಹೋಗುವ ಮಾತು, ಕಾಲಿನಿಂದ ಮಿದುಳಿಗೆ ಬರುವ ಮಾತು ಎಲ್ಲ ಅದರೊಳಗೇ ಓಡಾಡಬೇಕು. ಮುರಿದ ಮೂಳೆ ಕೂಡುತ್ತದೆ. ಪೂರ್ತಿ ಜಜ್ಜಿಹೋದ ಹುರಿ ಮತ್ತೆ ಮೊದಲಿನ ಹಾಗೆ ಬೆಳೆಯುವುದಿಲ್ಲ. ನನ್ನದು ಬೀಳುವಾಗಲೇ ಹೋಗಿತ್ತೋ, ಎತ್ತುವಾಗ ಇನ್ನಷ್ಟು ಹೋಯಿತೋ, ಯಾವ ಡಾಕ್ಟರೂ ಹೇಳಲಾರರು. ಮಗ ಬಿದ್ದರೆ ಯಾವ ಅಪ್ಪನಾದರೂ ಹಾಗೆಯೇ ಎತ್ತುತ್ತಾನೆ, ಅಲ್ವಾ? ಅಪ್ಪಯ್ಯನಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ. ಅವರು ತಲೆ ಆಡಿಸುತ್ತಿದ್ದರು. ಕೊನೆವರೆಗೂ ಒಪ್ಪಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಪಿನ್ ಹಿಡಿದು ಕೊರಳಿನಿಂದ ಕೆಳಗೆ ಚುಚ್ಚುತ್ತಾ ಬಂದರು. "ಇಲ್ಲಿ ಗೊತ್ತಾಗುತ್ತಾ? ಇಲ್ಲಿ?" ಎದೆ ದಾಟಿ, ಹೊಟ್ಟೆ ದಾಟಿ, ಹೊಕ್ಕುಳದ ಹತ್ತಿರ ಬಂದಾಗ ನಾನು ಸುಮ್ಮನಾದೆ. ಅವರ ಕೈ ಇನ್ನೂ ಕೆಳಗೆ ಹೋಗುತ್ತಲೇ ಇತ್ತು. ಚೀಟಿಯಲ್ಲಿ ಡಿ-10 ಎಂದು ಬರೆದರು. ಎದೆಯ ಭಾಗದ 12 ಬೆನ್ನುಮೂಳೆಗಳಲ್ಲಿ ಹತ್ತನೆಯದು. ರಾಡು, ಸ್ಕ್ರೂ ಹಾಕಿ ಆಪರೇಷನ್ ಆಯಿತು. ಮತ್ತೆ ಓಡ್ತೀನಾ ಅಂತ ನಾನು ಕೇಳಲಿಲ್ಲ. ಕೇಳದೆ ಇದ್ದರೆ ಉತ್ತರ ಬರುವುದಿಲ್ಲವಲ್ಲ ಅಂದುಕೊಂಡಿದ್ದೆ.

ಎರಡು ವಾರಕ್ಕೆ ಮನೆಗೆ ಕಳಿಸಿದರು. ಬೆನ್ನು ಜೋಪಾನ ಅಂತ ಹೇಳಿದ್ದರು, ಮಗ್ಗುಲು ಬದಲಿಸಬೇಕು ಅಂತ ಯಾರೂ ಹೇಳಿರಲಿಲ್ಲ. ಅಲುಗಾಡಿಸಿದರೆ ಬೆನ್ನಿಗೆ ತೊಂದರೆ ಎಂದು ಅಮ್ಮ ನನ್ನನ್ನು ನೆಟ್ಟಗೆ, ಒಂದೇ ಕಡೆ ಮಲಗಿಸಿದಳು. ನಮಗೆಲ್ಲ ನಿದ್ದೆಯಲ್ಲೂ ಮೈ ತಾನಾಗಿ ಹೊರಳುತ್ತದೆ. ಒಂದು ಕಡೆ ಒತ್ತಿದರೆ ನೋಯುತ್ತದೆ, ಹೊರಳುತ್ತೇವೆ. ನನಗೆ ಆ ನೋವು ಇರಲಿಲ್ಲ. ಸೊಂಟದ ಕೆಳಗೆ, ಮೂಳೆ ಹಾಸಿಗೆಗೆ ಒತ್ತುವ ಕಡೆ ರಕ್ತ ಹೋಗದೆ ಚರ್ಮ ಸತ್ತುಹೋಯಿತು. ಮೊದಲು ಕೆಂಪು ಕಲೆ, ಆಮೇಲೆ ಕಪ್ಪು, ಆಮೇಲೆ ಹುಣ್ಣು. ವಾಸನೆ ಬಂದ ಮೇಲೆಯೇ ಗೊತ್ತಾದದ್ದು. ನರ್ಸಮ್ಮ ಬಂದು ನೋಡಿದಾಗ ಅದು ಮೂಳೆಯ ಹತ್ತಿರ ಹೋಗಿತ್ತು. "ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತಮ್ಮಾ, ರಾತ್ರಿನೂ" ಅಂದರು. ಅಮ್ಮ ಅಲ್ಲೇ ಕುಸಿದು ಕೂತಳು.

ಆವತ್ತು ನಮ್ಮ ಕ್ಯಾಪ್ಟನ್ ನನ್ನನ್ನು ನೋಡಲು ಬಂದಿದ್ದ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಏನೂ ಮಾತಾಡದೆ ಹೋದ. ಮಾರನೇ ಸಂಜೆ ಎಂಟೂ ಜನ ಬಂದರು. ನೋಟ್‌ಬುಕ್ಕಿನ ಹಾಳೆಯಲ್ಲಿ ಪಟ್ಟಿ ಬರೆದುಕೊಂಡೇ ಬಂದಿದ್ದರು. ರಾತ್ರಿಗೆ ಇಬ್ಬರಂತೆ ನಾಲ್ಕು ರಾತ್ರಿ ಅವರದ್ದು, ಉಳಿದ ಮೂರು ರಾತ್ರಿ ಮನೆಯವರದ್ದು. ಅಪ್ಪಯ್ಯ ಬೇಡ ಅಂದರು, ಓದುವ ಮಕ್ಕಳು ಅಂದರು. ಅವರು ಜಗುಲಿಯಲ್ಲಿ ಚಾಪೆ ಹಾಸಿಯೇ ಬಿಟ್ಟರು.

ನರ್ಸಮ್ಮ ಅವರಿಗೆ ಕಲಿಸಿಕೊಟ್ಟರು. ಒಬ್ಬ ಹೆಗಲು, ಒಬ್ಬ ಸೊಂಟ ಹಿಡಿದು ಹೇಗೆ ಹೊರಳಿಸುವುದು, ಮೊಣಕಾಲಿನ ನಡುವೆ ದಿಂಬು ಎಲ್ಲಿಡುವುದು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಹೇಗೆ ಎತ್ತಿಡುವುದು, ಮೂತ್ರದ ಚೀಲ ಹೇಗೆ ಖಾಲಿ ಮಾಡುವುದು. ಹದಿನೇಳರ ಹುಡುಗರು. ಒಬ್ಬನೂ ಮುಖ ಸಿಂಡರಿಸಲಿಲ್ಲ. ನನಗೆ ನಾಚಿಕೆಯಿಂದ ಸತ್ತುಹೋಗುವಷ್ಟಾಗುತ್ತಿತ್ತು. ಕಣ್ಣು ಮುಚ್ಚಿ ಮಲಗುತ್ತಿದ್ದೆ.

ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು. ಮೊಬೈಲ್ ಅಲಾರಂ ಮನೆಯವರನ್ನೆಲ್ಲ ಎಬ್ಬಿಸುತ್ತದೆ ಎಂದು ಒಬ್ಬ ಎಚ್ಚರವಿರುತ್ತಿದ್ದ. ಹೊತ್ತಾದಾಗ ಮಲಗಿದವನ ಬೆನ್ನು ಮುಟ್ಟಿ ಮೆಲ್ಲಗೆ "ಖೋ" ಅನ್ನುತ್ತಿದ್ದ. ಅವನು ತಟ್ಟನೆ ಏಳುತ್ತಿದ್ದ. ಇಬ್ಬರೂ ಸೇರಿ ನನ್ನನ್ನು ಹೊರಳಿಸುತ್ತಿದ್ದರು. ಆಮೇಲೆ ಮೊದಲನೆಯವನು ಆ ಬೆಚ್ಚಗಿನ ಚಾಪೆಯಲ್ಲಿ ಮಲಗುತ್ತಿದ್ದ, ಎದ್ದವನು ಗಡಿಯಾರ ನೋಡುತ್ತಾ ಕೂರುತ್ತಿದ್ದ. ಹೊರಗೆ ಮಳೆ. ಮಾಡಿನ ನೀರು ಅಂಗಳಕ್ಕೆ ಬೀಳುವ ಸದ್ದು. ಕತ್ತಲಲ್ಲಿ ಆ "ಖೋ" ನನಗೆ ಕೇಳುತ್ತಿತ್ತು.

ಒಂದು ರಾತ್ರಿ ನಾನು ಕೂಗಾಡಿದೆ. "ನಾಳೆ ನಿಮಗೆ ತಾಲ್ಲೂಕು ಮ್ಯಾಚಿದೆ. ಹೋಗಿ ಮಲಗಿ. ನನ್ನ ಜೊತೆ ನೀವ್ಯಾಕೆ ಹಾಳಾಗ್ತೀರಿ?" ಎಂದೆ. ಕ್ಯಾಪ್ಟನ್ ದಿಂಬು ಸರಿ ಮಾಡುತ್ತಾ, "ಸುಮ್ನಿರೋ ಮಾರಾಯ, ಎಡಗಡೆ ತಿರುಗ್ಬೇಕು ಈಗ" ಅಂದ. ಆ ವರ್ಷ ಅವರು ತಾಲ್ಲೂಕಿನಲ್ಲೇ ಸೋತರು. ಮೊದಲ ಸುತ್ತಿನಲ್ಲಿ. ನನಗೆ ಗೆದ್ದೆವು ಅಂತಲೇ ಹೇಳಿದ್ದರು. ನಿಜ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಹಳ್ಳಿಯಲ್ಲಿ ಎಲ್ಲರೂ ಒಂದೊಂದು ಮದ್ದು ಹೇಳಿದರು. ಎಣ್ಣೆ, ಲೇಪ, ಹರಕೆ. ಬಿಸಿ ಶಾಖ ಕೊಟ್ಟು ಕಾಲು ಸುಟ್ಟುಕೊಂಡದ್ದೂ ಆಯಿತು. ಸುಟ್ಟದ್ದು ನನಗೆ ಗೊತ್ತೇ ಆಗಲಿಲ್ಲ. ಮೇಷ್ಟ್ರು ಯಾರನ್ನೋ ವಿಚಾರಿಸಿ, ವೆಲ್ಲೂರಿಗೆ ಹೋಗೋಣ ಅಂದರು. ಕಾಲೇಜಿನವರು, ಊರಿನವರು ದುಡ್ಡು ಕೂಡಿಸಿದರು. ವ್ಯಾನಿನಲ್ಲಿ ಹಾಸಿಗೆ ಹಾಕಿ ನನ್ನನ್ನು ಕರೆದುಕೊಂಡು ಹೋದರು. ದಾರಿಯಲ್ಲೂ ಎರಡು ಗಂಟೆಗೊಮ್ಮೆ ವ್ಯಾನ್ ನಿಲ್ಲಿಸಿ ಮಗ್ಗುಲು ಬದಲಿಸಿದರು.

ವೆಲ್ಲೂರಿನ ಬಾಗಾಯಂನಲ್ಲಿ ಸಿಎಂಸಿಯ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪುನರ್ವಸತಿ ಕೇಂದ್ರ ಇದೆ. ಅದು ಶುರುವಾದದ್ದು 1966ರಲ್ಲಿ. ಅದನ್ನು ಕಟ್ಟಿದವರು ಡಾ. ಮೇರಿ ವರ್ಗೀಸ್. ಅವರೂ ನನ್ನ ಹಾಗೆಯೇ ಎಂದು ತಿಳಿದ ದಿನ ನಾನು ಮೊದಲ ಸಲ ತಲೆ ಎತ್ತಿ ಸುತ್ತ ನೋಡಿದೆ. 1954ರಲ್ಲಿ, ಅವರು ಅಲ್ಲೇ ಯುವ ವೈದ್ಯೆಯಾಗಿದ್ದಾಗ, ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಮೇಲೆ ಅವರು ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠ ರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. ಕೈ ಆಪರೇಷನ್ ಕೂತು ಮಾಡುವ ಕೆಲಸವೇ. ನಂತರ ಅಮೆರಿಕಕ್ಕೆ ಹೋಗಿ ಪುನರ್ವಸತಿ ವೈದ್ಯ ಕಲಿತು ಬಂದರು. ನಾನು ಹೋಗುವಷ್ಟರಲ್ಲಿ ಅವರು ಇರಲಿಲ್ಲ. ಅವರು ಕಟ್ಟಿದ ಜಾಗದಲ್ಲಿ ನನ್ನ ಹುಣ್ಣು ವಾಸಿಯಾಯಿತು.

ಅಲ್ಲಿ ಯಾರೂ ಧೈರ್ಯದ ಮಾತು ಹೇಳುತ್ತಿರಲಿಲ್ಲ. ಕೆಲಸ ಹೇಳಿಕೊಡುತ್ತಿದ್ದರು. ಕುರ್ಚಿಯಲ್ಲಿ ಕೂತಾಗ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತಬೇಕು. ತೆಳ್ಳಗಿನ ನಳಿಕೆಯಿಂದ ನಾನೇ ಹೊತ್ತು ಹೊತ್ತಿಗೆ ಮೂತ್ರ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು. ದಿನಾ ಸ್ನಾನದ ಮೊದಲು ಕನ್ನಡಿ ಹಿಡಿದು ಬೆನ್ನು, ಹಿಂಭಾಗ ನೋಡಿಕೊಳ್ಳಬೇಕು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ದಾಟಬೇಕು. ಖೋ ಖೋದ ಡೈವ್‌ನಿಂದ ಗಟ್ಟಿಯಾದ ಹೆಗಲು ಅಲ್ಲಿ ಕೈ ಹಿಡಿಯಿತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಿಂದ ಬೆನ್ನುಹುರಿ ಪೆಟ್ಟಿನ ಸೈನಿಕರನ್ನು ನೋಡಿಕೊಂಡ ಡಾ. ಲುಡ್ವಿಗ್ ಗಟ್‌ಮನ್ ಈ ಎರಡು ಗಂಟೆಯ ಮಗ್ಗುಲನ್ನೇ ಹಟ ಹಿಡಿದು ಮಾಡಿಸಿದರಂತೆ. ಅದಕ್ಕೆ ಮೊದಲು ಇಂಥವರು ಬದುಕುವುದಿಲ್ಲ ಎಂದೇ ಕೈಬಿಡುತ್ತಿದ್ದರು. ಅವರೇ 1948ರ ಜುಲೈ 29ರಂದು 16 ಜನರಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅದರಿಂದ. 1972ರಲ್ಲಿ ಭಾರತಕ್ಕೆ ಅದರ ಮೊದಲ ಚಿನ್ನ ತಂದ ಈಜುಗಾರ ಮುರಳಿಕಾಂತ್ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡು ತಗುಲಿದವರು. ಇದನ್ನೆಲ್ಲ ನನಗೆ ಹೇಳಿದವರು ಪಕ್ಕದ ಮಂಚದ ಒಬ್ಬರು ಲಾರಿ ಡ್ರೈವರು. ಅವರ ಕೈಬೆರಳೂ ಮಡಚುತ್ತಿರಲಿಲ್ಲ. ಪುಸ್ತಕದ ಹಾಳೆ ನಾನು ತಿರುವಬೇಕಿತ್ತು.

2009ರಲ್ಲಿ ನಾನು ಕಾಲೇಜಿಗೆ ವಾಪಸ್ ಬಂದೆ. ಎರಡನೇ ಪಿಯುಸಿ ತರಗತಿ ಮಹಡಿಯ ಮೇಲಿತ್ತು. ಪ್ರಿನ್ಸಿಪಾಲರು ಯಾರೂ ಕೇಳುವ ಮೊದಲೇ ಅದನ್ನು ಕೆಳಗೆ ಇಳಿಸಿದ್ದರು. ಮೆಟ್ಟಿಲಿಗೆ ಹಲಗೆ ಇಟ್ಟರು, ಮುಂದಿನ ಬೇಸಿಗೆಯಲ್ಲಿ ಸಿಮೆಂಟಿನ ಇಳಿಜಾರು ಆಯಿತು. ಪಾಠ ಸಿಕ್ಕಿತು, ಪರೀಕ್ಷೆಯೂ ಪಾಸಾಯಿತು. ಮೈದಾನದ ಕಡೆ ಮಾತ್ರ ನಾನು ಆ ವರ್ಷ ಪೂರ್ತಿ ಹೋಗಲಿಲ್ಲ. ಕಿಟಕಿಯಿಂದ ಸೀಟಿ ಕೇಳಿದರೆ ಹೊಟ್ಟೆ ಹಿಂಡುತ್ತಿತ್ತು. ಈಗಲೂ ಕೆಲವು ಸಲ ಹಾಗಾಗುತ್ತದೆ. ಅದು ಪೂರ್ತಿ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ.

ಆಮೇಲಿನದ್ದು ಬೇಗ ಹೇಳುತ್ತೇನೆ. ಬಿ.ಕಾಂ. ಮುಗಿಸಿದೆ. ಅಡಿಕೆ ಬೆಳೆಗಾರರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹಿಂದೆ ಎರಡು ಚಕ್ರ ಕೂಡಿಸಿದ ಸ್ಕೂಟರಿನಲ್ಲಿ ಓಡಾಡುತ್ತೇನೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೂತು ಗುಂಡು ಎಸೆದಿದ್ದೇನೆ. ಕೂರುವ ಚೌಕಟ್ಟನ್ನು ನೆಲಕ್ಕೆ ಬಿಗಿಯುತ್ತಾರೆ, ಕಾಲನ್ನು ಅದಕ್ಕೆ ಪಟ್ಟಿ ಹಾಕಿ ಕಟ್ಟುತ್ತಾರೆ, ಉಳಿದದ್ದೆಲ್ಲ ಹೆಗಲಿನದ್ದು. ಪದಕ ಬರಲಿಲ್ಲ. ಗುಂಡು ಕೈ ಬಿಡುವ ಆ ಒಂದು ಕ್ಷಣಕ್ಕೆ ಮತ್ತೆ ಮತ್ತೆ ಹೋಗಿದ್ದೇನೆ.

ತಾಲ್ಲೂಕು ಮಟ್ಟದ ಖೋ ಖೋ ಪಂದ್ಯಗಳಲ್ಲಿ ಈಗ ನಾನು ಸಮಯ ನೋಡುವವನು. ಒಂದು ಸರದಿಗೆ 9 ನಿಮಿಷ. ಮೊದಲು ಕರೆದದ್ದು ಮೇಷ್ಟ್ರೇ. "ಕೂತು ನೋಡೋಕೆ ನಿನ್ನಷ್ಟು ಗೊತ್ತಿರೋರು ಯಾರಿದ್ದಾರೆ?" ಅಂದರು. ಅವರು ನಿವೃತ್ತಿಯಾಗಿದ್ದಾರೆ. ಅವರು ಮಾಡಿಸಿದ ಉದ್ದನೆಯ ಹಲಗೆ ಮಾತ್ರ ಕಾಲೇಜಿನ ಕ್ರೀಡಾ ಕೋಣೆಯಲ್ಲಿ, ಖೋ ಖೋ ಕಂಬಗಳ ಪಕ್ಕ ಈಗಲೂ ಒರಗಿದೆ. ಎರಡೂ ಬದಿ ಕೈ ಹಿಡಿಯಲು ತೂತುಗಳಿವೆ, ನಾಲ್ಕು ಪಟ್ಟಿಗಳಿವೆ. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಅದರ ಮೇಲೆ ಒಬ್ಬರನ್ನೊಬ್ಬರು ಹೊರಳಿಸಿ ಮಲಗಿಸುವುದನ್ನು ಅವರು ಕಲಿಸುತ್ತಿದ್ದರು. ಹೋದ ವರ್ಷ ಕೋಣೆಗೆ ಹೋಗಿದ್ದಾಗ ನೋಡಿದೆ, ಅದರ ಮೇಲೆ ಧೂಳಿತ್ತು. ಈಗಿನ ಮೇಷ್ಟ್ರನ್ನು ನಾನು ಕೈ ಮುಗಿದು ಕೇಳಿಕೊಳ್ಳುತ್ತೇನೆ, ಒಂದು ಪೀರಿಯಡ್ ಅದಕ್ಕೆ ಕೊಡಿ. ನಾನೂ ಬರುತ್ತೇನೆ.

ಆ ಎಂಟು ಜನ ಈಗ ಎಲ್ಲೆಲ್ಲೋ ಇದ್ದಾರೆ. ಒಬ್ಬ ಪೊಲೀಸು, ಇಬ್ಬರು ತೋಟ ನೋಡಿಕೊಂಡಿದ್ದಾರೆ, ಒಬ್ಬ ದುಬೈಯಲ್ಲಿ. ಕ್ಯಾಪ್ಟನ್ ಶಿವಮೊಗ್ಗದಲ್ಲಿದ್ದಾನೆ. ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳ ಜೊತೆ ಬಂದು ಒಂದು ರಾತ್ರಿ ನಮ್ಮಲ್ಲಿ ಉಳಿಯುತ್ತಾನೆ. ನನಗೀಗ ಯಾರೂ ಮಗ್ಗುಲು ಬದಲಿಸಬೇಕಿಲ್ಲ. ಮಂಚದ ಅಂಚು ಹಿಡಿದು ನಾನೇ ಹೊರಳುತ್ತೇನೆ. ಆದರೂ ರಾತ್ರಿ ಎರಡು ಗಂಟೆಗೆ ಜಗುಲಿಯಲ್ಲಿ ಹೆಜ್ಜೆ ಸದ್ದಾಗುತ್ತದೆ. ಅವನು ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ನಾನು ಯಾವ ಮಗ್ಗುಲಿಗಿದ್ದೇನೆ ಎಂದು ನೋಡುತ್ತಾನೆ. ಹೋಗಿ ಮಲಗುತ್ತಾನೆ.